ಪಿಸ್ತೂಲು ಅಗ್ಗದ್ದಾದರೂ ಸರಿ, ಹೋಲ್‌ಸ್ಟರ್ ಅಗ್ಗದ್ದು ಬೇಡ

ಟೆಕ್ಸಾಸಿನಲ್ಲಿ ನೆಲೆಸಿ ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ನಮ್ಮವರಲ್ಲಿ ಹಲವರು ಕೇಳುವ ಪ್ರಶ್ನೆ ಇದು: ‘ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡೋಕೆ ಕಮ್ಮಿ ಬೆಲೆಗೆ ಯಾವ ಪಿಸ್ತೂಲು ತಗೊಳ್ಳಲಿ?’ ಉತ್ತರವಾಗಿ ಒಂದು ಮಾಡೆಲಿನ ಹೆಸರು ಸಿಕ್ಕರೆ ಸಾಕು ಅನ್ನುವ ಆತುರ ಆ ಪ್ರಶ್ನೆಯಲ್ಲಿ ಇರುತ್ತದೆ. ನನ್ನ ಪ್ರಕಾರ ಮಾಡೆಲ್ ಆಮೇಲಿನ ಮಾತು. ಮೊದಲು ನೋಡಬೇಕಾದದ್ದು ಕಾನೂನು ನಿಮಗೆ ಅವಕಾಶ ಕೊಡುತ್ತದೆಯೇ ಎಂಬುದು, ಆಮೇಲೆ ಕೈಯಲ್ಲಿರುವ ದುಡ್ಡನ್ನು ಪಿಸ್ತೂಲಿಗೆ, ಅದನ್ನು ಸೊಂಟದಲ್ಲಿ ಇಟ್ಟುಕೊಳ್ಳುವ ಒರೆಯಾದ ಹೋಲ್‌ಸ್ಟರಿಗೆ, ಗುಂಡಿಗೆ, ಕಲಿಕೆಗೆ ಹೇಗೆ ಹಂಚುತ್ತೀರಿ ಎಂಬುದು.

ಊರಲ್ಲಿ ಮೊದಲು ಲೈಸೆನ್ಸ್, ನಂತರ ಕೋವಿ. ಬೆಂಗಳೂರಿನಲ್ಲಾದರೆ ಪೊಲೀಸ್ ಕಮಿಷನರ್, ಜಿಲ್ಲೆಗಳಲ್ಲಾದರೆ ಡಿ.ಸಿ. ‘ನಿಮಗೆ ಯಾಕೆ ಬೇಕು?’ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಕಡತ ಮುಂದೆ ಹೋಗುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಚೌಕಟ್ಟು ಇದು. 2019ರ ತಿದ್ದುಪಡಿ ಬಂದ ಮೇಲೆ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದವು. 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಒಳಗಿನ ಅಳತೆ) ಆದ್ದರಿಂದ ಸಾಮಾನ್ಯರಿಗೆ ಸಿಗುವುದು ಹೆಚ್ಚಾಗಿ .32ರ ಪಿಸ್ತೂಲು ಅಥವಾ ರಿವಾಲ್ವರ್. ಆರಿಸಿಕೊಳ್ಳಲು ಅಲ್ಲಿ ಹೆಚ್ಚೇನೂ ಇಲ್ಲ. ತೋಟ ಕಾಯಲು ಕೋವಿ ಇಟ್ಟುಕೊಂಡ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರುವ ತಾಪತ್ರಯ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಅದು ರೈಫಲ್ ಮತ್ತು ತೋಟಾಕೋವಿಗೆ, ಸೊಂಟದ ಪಿಸ್ತೂಲಿಗಲ್ಲ. ಕೈಲ್ ಪೊಳ್ದ್ ದಿನ ಕೋವಿ ಒರೆಸಿ ಪೂಜೆಗಿಡುವ ಮನೆಗಳಲ್ಲಿ ಮಕ್ಕಳಿಗೆ ಹಿರಿಯರ ಕೈ ನೋಡಿಯೇ ಕೋವಿಯ ಶಿಸ್ತು ಬರುತ್ತದೆ. ಅಂಥ ಮನೆ ಬಿಟ್ಟು ಬಂದವರಿಗೂ ಗುಂಡು ತುಂಬಿದ ಪಿಸ್ತೂಲನ್ನು ಅಂಗಿಯೊಳಗೆ ಇಟ್ಟುಕೊಂಡು ದಿನಸಿ ಅಂಗಡಿಗೆ ಹೋಗುವ ಅಭ್ಯಾಸ ಇರುವುದಿಲ್ಲ.

ಟೆಕ್ಸಾಸಿನ ದಾರಿ ಇದಕ್ಕೆ ತದ್ವಿರುದ್ಧ. 21 ದಾಟಿದವರು, ಬೇರೆ ಕಾನೂನು ಅಡ್ಡಿ ಇಲ್ಲದವರು, 2021ರ ಸೆಪ್ಟೆಂಬರ್ 1ರಿಂದ ಪರವಾನಗಿ ಇಲ್ಲದೆಯೇ ಪಿಸ್ತೂಲು ಒಯ್ಯಬಹುದು. ಅಂಗಡಿಯಲ್ಲಿ 4473 ನಂಬರಿನ ಫಾರಂ ತುಂಬಿ, ಹಿನ್ನೆಲೆ ಪರಿಶೀಲನೆ ಪಾಸಾದರೆ ಅರ್ಧ ಗಂಟೆಯಲ್ಲಿ ಡಬ್ಬಿ ನಿಮ್ಮ ಕೈಯಲ್ಲಿ. ಯಾಕೆ ಬೇಕೆಂದು ಕೇಳುವವರಿಲ್ಲ, ಹೊಡೆಯಲು ಬರುತ್ತದೆಯೇ ಎಂದೂ ಕೇಳುವುದಿಲ್ಲ. ಊರಿನ ಪದ್ಧತಿಯಲ್ಲಿ ಪ್ರಭಾವ ಇದ್ದವನ ಕಡತ ಬೇಗ ಓಡುತ್ತದೆ ಎಂಬ ದೂರು ನನಗೂ ಇದೆ. ಆದರೆ ಕಲಿಯದವನ ಸೊಂಟಕ್ಕೆ ಪಿಸ್ತೂಲು ಏರುವ ಇಲ್ಲಿನ ಸಲೀಸು ನನಗೆ ಅದಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಅಲ್ಲಿ ಸರ್ಕಾರ ಮಾಡುವ ಪರೀಕ್ಷೆಯನ್ನು ಇಲ್ಲಿ ಕೊಳ್ಳುವವರು ತಮಗೆ ತಾವೇ ಮಾಡಿಕೊಳ್ಳಬೇಕು.

ಹಾಗಾಗಿ ಕಡ್ಡಾಯವಲ್ಲದಿದ್ದರೂ ಟೆಕ್ಸಾಸಿನ ಎಲ್‌ಟಿಸಿ (ಲೈಸೆನ್ಸ್ ಟು ಕ್ಯಾರಿ) ಪರವಾನಗಿ ಮಾಡಿಸಿಕೊಳ್ಳಿ. ಅರ್ಜಿ ಶುಲ್ಕ 40 ಡಾಲರ್, 4ರಿಂದ 6 ಗಂಟೆಯ ಪಾಠ, ನಂತರ 3, 7, 15 ಗಜ ದೂರದಿಂದ ಒಟ್ಟು 50 ಗುಂಡು ಹೊಡೆದು ತೋರಿಸಬೇಕು. ಪರೀಕ್ಷೆ ಸುಲಭ. ಆದರೆ ಅದೇ ಕಷ್ಟವೆನಿಸಿದರೆ ನೀವಿನ್ನೂ ಪಿಸ್ತೂಲು ಒಯ್ಯುವ ಹಂತಕ್ಕೆ ಬಂದಿಲ್ಲ ಎಂದು ಆ ದಿನವೇ ಗೊತ್ತಾಗುತ್ತದೆ. ಇನ್ನೊಂದು ಪ್ರಯೋಜನವೂ ಉಂಟು. ಶಾಲೆಯ ಸುತ್ತ 1000 ಅಡಿಯೊಳಗೆ ಗುಂಡು ತುಂಬಿದ ಪಿಸ್ತೂಲು ಒಯ್ಯಬಾರದೆಂಬ ಅಮೆರಿಕದ ಕೇಂದ್ರ ಕಾನೂನಿಗೆ, ಆ ರಾಜ್ಯದ ಪರವಾನಗಿ ಇದ್ದವರು ಹೊರತು. ದಿನಾ ಶಾಲೆಯ ಮುಂದೆಯೇ ಕಾರು ಓಡಿಸುವವರಿಗೆ ಇದು ಸಣ್ಣ ವಿಷಯವಲ್ಲ. ಅಂಚೆ ಕಚೇರಿಗಾದರೆ ಪರವಾನಗಿ ಇದ್ದರೂ ಒಯ್ಯುವ ಹಾಗಿಲ್ಲ. ರಾಜ್ಯದ ಗಡಿ ದಾಟಿದರೆ ಎಲ್ಲವೂ ಬೇರೆ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸಿನ ಪರವಾನಗಿ ನಡೆಯುವುದಿಲ್ಲ, 10ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) ಇದ್ದರೇ ತೊಂದರೆ.

ವೀಸಾದ ವಿಷಯವನ್ನು ಒತ್ತಿ ಹೇಳಬೇಕು. ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೇಂದ್ರ ಕಾನೂನಿನಂತೆ ಬಂದೂಕು, ಗುಂಡು ಯಾವುದನ್ನೂ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿವೆ, ಅವನ್ನು ವಕೀಲರಲ್ಲಿ ಕೇಳದೆ ನೆಚ್ಚಿಕೊಳ್ಳಬೇಡಿ. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಬಾಡಿಗೆ ಪಿಸ್ತೂಲು ಕೈಗೆತ್ತಿಕೊಳ್ಳುವುದೂ ಕಾನೂನಿನ ಕಣ್ಣಿಗೆ ವಶವೇ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಆದರೆ ಎಚ್-1ಬಿಯಲ್ಲಿರುವ ಗೆಳೆಯನ ದುಡ್ಡಿಗೆ ನಿಮ್ಮ ಹೆಸರಲ್ಲಿ ಕೊಂಡುಕೊಟ್ಟರೆ ಅದು ಕೇಂದ್ರ ಅಪರಾಧ, ಇಬ್ಬರಿಗೂ ಕುತ್ತು.

ಇನ್ನು ಪಿಸ್ತೂಲು. ಹೊಸಬರು ಅಂಗಡಿಗೆ ಹೋಗಿ ಕೇಳುವುದು ಅತಿ ಚಿಕ್ಕದನ್ನು. ಚಿಕ್ಕದಾದಷ್ಟೂ ಬಚ್ಚಿಡುವುದು ಸುಲಭ ಎಂಬ ಲೆಕ್ಕ. ಆದರೆ ಬಟ್ಟೆಯ ಮೇಲೆ ಉಬ್ಬಿ ಕಾಣುವುದು ಹಿಡಿ, ನಳಿಗೆಯಲ್ಲ. ನಳಿಗೆ ಪ್ಯಾಂಟಿನೊಳಗೆ ಇಳಿದಿರುತ್ತದೆ, ಅದು ಅರ್ಧ ಇಂಚು ಹೆಚ್ಚು ಉದ್ದ ಇದ್ದರೆ ಯಾರಿಗೂ ತಿಳಿಯುವುದಿಲ್ಲ. ಹೊಟ್ಟೆಯ ಮುಂದೆ ಸಿಕ್ಕಿಸಿಕೊಳ್ಳುವವರಿಗಂತೂ ಸ್ವಲ್ಪ ಉದ್ದದ ನಳಿಗೆಯೇ ಒಳ್ಳೆಯದು, ಪಿಸ್ತೂಲು ಮುಂದಕ್ಕೆ ವಾಲುವುದು ತಪ್ಪುತ್ತದೆ. ಇನ್ನು ಹಗುರದ ಪಿಸ್ತೂಲು ಕೈಯನ್ನು ಜೋರಾಗಿ ಒದೆಯುತ್ತದೆ. ರೂಗರ್ ಎಲ್‌ಸಿಪಿಯ ತೂಕ ಬರೀ 9.6 ಔನ್ಸ್. ಅದು ಹೊಡೆಯುವುದು .380 ಗುಂಡನ್ನು, 9 ಎಂಎಂಗಿಂತ ಸೌಮ್ಯವಾದದ್ದು. ಹಾಗಿದ್ದೂ 20 ಔನ್ಸಿನ 9 ಎಂಎಂ ಪಿಸ್ತೂಲಿಗಿಂತ ಅಂಗೈಗೆ ಹೆಚ್ಚು ಪೆಟ್ಟು ಬೀಳುತ್ತದೆ. ಪೆಟ್ಟು ಬಿದ್ದ ಕೈ ಟ್ರಿಗರ್ ಎಳೆಯುವ ಮೊದಲೇ ಅದುರಲು ಕಲಿಯುತ್ತದೆ, ಗುಂಡುಗಳೆಲ್ಲ ಗುರಿಯ ಕೆಳಗೆ ಬೀಳುತ್ತವೆ, ಅಭ್ಯಾಸಕ್ಕೆ ಹೋಗುವುದೇ ನಿಂತುಹೋಗುತ್ತದೆ. .380ರ ಗುಂಡಿನ ಬೆಲೆಯೂ 9 ಎಂಎಂಗಿಂತ ಜಾಸ್ತಿ. ಅಗ್ಗವೆಂದು ಕೊಂಡದ್ದು ಕೊನೆಗೆ ದುಬಾರಿಯೇ ಆಗುತ್ತದೆ.

ನಾನು ಹೇಳುವುದು ಇಷ್ಟು: 9 ಎಂಎಂ, 3ರಿಂದ 4 ಇಂಚಿನ ನಳಿಗೆ, ಸುಮಾರು 18ರಿಂದ 24 ಔನ್ಸ್ ತೂಕ, ಕಿರುಬೆರಳೂ ಕೂರುವ ಹಿಡಿ. ಈ ಅಳತೆಯೊಳಗೆ ಟಾರಸ್ ಜಿ3ಸಿ ತೀರಾ ಅಗ್ಗದವುಗಳಲ್ಲಿ ಒಂದು, 300 ಡಾಲರಿನ ಆಸುಪಾಸು, ಮ್ಯಾಗಜೀನಿಗೆ 12 ಗುಂಡು. ಸ್ಮಿತ್ ಆ್ಯಂಡ್ ವೆಸನ್ ಶೀಲ್ಡ್ ಪ್ಲಸ್ 400ರ ಮೇಲೆ, ಮ್ಯಾಗಜೀನಿನ ಉದ್ದಕ್ಕೆ ತಕ್ಕಂತೆ 10 ಅಥವಾ 13 ಗುಂಡು. ಗ್ಲಾಕ್ 43ಎಕ್ಸ್, ಸಿಗ್ ಪಿ365 ಇನ್ನೂ ಸ್ವಲ್ಪ ಮೇಲೆ. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ನಾನು ಒಂದನ್ನೇ ಆರಿಸಬೇಕೆಂದರೆ ಶೀಲ್ಡ್ ಪ್ಲಸ್. ಟ್ರಿಗರ್ ಚೆನ್ನಾಗಿದೆ, ಹೋಲ್‌ಸ್ಟರ್ ಎಲ್ಲ ಕಡೆ ಸಿಗುತ್ತದೆ, ಶುಚಿ ಮಾಡಲು ಬಿಚ್ಚುವಾಗ ಟ್ರಿಗರ್ ಒತ್ತುವ ಅಗತ್ಯವಿಲ್ಲ. ಗ್ಲಾಕ್ ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು. ಚೇಂಬರಿನಲ್ಲಿ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಗೂಡು) ಗುಂಡು ಉಳಿದದ್ದನ್ನು ನೋಡದೆ ಒತ್ತಿದವರಿಂದ ಆದ ಅನಾಹುತಗಳಿವೆ. ರೂಗರ್ ಇಸಿ9ಎಸ್ ಬಹಳ ಅಗ್ಗ, ಆದರೆ ಅದರ ಗುರಿಕಟ್ಟುಗಳು (ಗುರಿ ನೋಡುವ ಸೈಟುಗಳು) ಸ್ಲೈಡಿನಲ್ಲೇ, ಅಂದರೆ ಹಿಂದೆಮುಂದೆ ಸರಿಯುವ ಮೇಲ್ಭಾಗದಲ್ಲೇ ಕೊರೆದವು, ಮುಂದೆ ಬದಲಾಯಿಸಲಾಗದು.

ಕೈಬೆರಳಲ್ಲಿ ಬಲ ಕಮ್ಮಿ ಇರುವವರು, ಸ್ಲೈಡ್ ಎಳೆಯಲು ಕಷ್ಟಪಡುವವರು ಶೀಲ್ಡ್ ಇಝಡ್ ನೋಡಬಹುದು. ಸ್ಪ್ರಿಂಗ್ ಮೆದು, ಹಿಡಿಯ ಹಿಂಬದಿಯಲ್ಲಿ ಒಂದು ಸೇಫ್ಟಿ ಇದೆ. ಹಿಡಿತ ಸರಿಯಾಗಿ ಕೂರದಿದ್ದರೆ ಅದು ಗುಂಡು ಹಾರಲು ಬಿಡುವುದಿಲ್ಲ ಎಂಬುದನ್ನು ಮರೆಯಬಾರದು.

ಸೆಕೆಂಡ್ ಹ್ಯಾಂಡ್ ಬೇಡವೆಂದು ಮೂಗು ಮುರಿಯಬೇಡಿ. ಪೊಲೀಸ್ ಇಲಾಖೆಗಳು ಬದಲಾಯಿಸಿ ಬಿಟ್ಟ ಗ್ಲಾಕ್‌ಗಳು, ಸ್ಮಿತ್ ಆ್ಯಂಡ್ ವೆಸನ್ನಿನ ಎಂ ಆ್ಯಂಡ್ ಪಿಗಳು ಹೊರಗೆ ಸವೆದಿರುತ್ತವೆ, ಒಳಗೆ ಗಟ್ಟಿಯಾಗಿರುತ್ತವೆ. ವರ್ಷಗಟ್ಟಲೆ ಸೊಂಟದಲ್ಲಿ ಉಜ್ಜಿಕೊಂಡು ಓಡಾಡಿದವು, ಹೊಡೆದದ್ದು ಕಮ್ಮಿ. ಪರೀಕ್ಷಿಸುವ ಕ್ರಮ: ಅಂಗಡಿಯವರ ಒಪ್ಪಿಗೆ ಪಡೆದು, ಮ್ಯಾಗಜೀನ್ ಇಳಿಸಿ, ಸ್ಲೈಡ್ ಹಿಂದಕ್ಕೆಳೆದು ಲಾಕ್ ಮಾಡಿ, ಚೇಂಬರನ್ನು ಕಣ್ಣಲ್ಲೂ ಕಿರುಬೆರಳಲ್ಲೂ ನೋಡಿ. ಬಿಚ್ಚಿಸಿ, ನಳಿಗೆಯೊಳಗೆ ಬೆಳಕು ಬಿಟ್ಟಾಗ ಉಂಗುರದಂತೆ ಕಪ್ಪು ಗೆರೆ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಎಂದರ್ಥ, ಅದು ಬೇಡ. ಮತ್ತೆ ಜೋಡಿಸಿದ ಮೇಲೆ ಖಾಲಿ ಪಿಸ್ತೂಲಿನ ಸ್ಲೈಡನ್ನು ತುಸು ಹಿಂದೆಳೆದು ಮೆಲ್ಲಗೆ ಬಿಡಿ. ತಾನಾಗಿ ಪೂರ್ತಿ ಮುಂದೆ ಬಂದು ಕೂರದಿದ್ದರೆ ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಸೋತಿದೆ. ಅದರ ಬೆಲೆ ಹೆಚ್ಚಲ್ಲ, ಕೊಂಡ ಕೂಡಲೇ ಹೊಸದು ಹಾಕಿ. ತಯಾರಕರ ಜಾಲತಾಣದಲ್ಲಿ ಸೀರಿಯಲ್ ನಂಬರ್ ಹಾಕಿ, ಸುರಕ್ಷತೆಯ ಕಾರಣಕ್ಕೆ ವಾಪಸ್ ಕರೆದ ಪಿಸ್ತೂಲೇ ಎಂದೂ ನೋಡಿ.

ಹೋಲ್‌ಸ್ಟರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಇಂದಿನ ಹಲವು ಚಿಕ್ಕ ಪಿಸ್ತೂಲುಗಳಲ್ಲಿ ಹೆಬ್ಬೆರಳಿನ ಸೇಫ್ಟಿ ಇರುವುದಿಲ್ಲ, ಟ್ರಿಗರ್ ಎಳೆಯಲು ಐದಾರು ಪೌಂಡಿನ ಬಲ ಸಾಕು. ಊರಲ್ಲಿ ಡ್ರಾಯರಿನಲ್ಲಿ ಇಡುವ ರಿವಾಲ್ವರಿನ ಉದ್ದನೆಯ, ಬಿಗಿಯಾದ ಟ್ರಿಗರಿಗೂ ಇದಕ್ಕೂ ಅಜಗಜಾಂತರ. ಸೊಂಟದಲ್ಲಿ ಇರುವಾಗ ಟ್ರಿಗರನ್ನು ಕಾಯುವುದು ಹೋಲ್‌ಸ್ಟರೇ. ಇಪ್ಪತ್ತು ಡಾಲರಿನ, ಎಲ್ಲ ಪಿಸ್ತೂಲಿಗೂ ಆಗುತ್ತದೆ ಎನ್ನುವ ನೈಲಾನ್ ಚೀಲ ಮೆತ್ತಗಿರುತ್ತದೆ. ಪಿಸ್ತೂಲು ತೆಗೆದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ, ವಾಪಸ್ ಇಡುವಾಗ ಅದರ ಅಂಚೇ ಮಡಚಿ ಟ್ರಿಗರಿಗೆ ಸಿಕ್ಕಬಹುದು. 60ರಿಂದ 90 ಡಾಲರಿಗೆ ನಿಮ್ಮ ಮಾಡೆಲಿಗೆಂದೇ ಅಚ್ಚು ಹೊಡೆದ ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಹೋಲ್‌ಸ್ಟರ್ ಸಿಗುತ್ತದೆ. ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚಿರಬೇಕು. ಹಿಡಿಯನ್ನು ಹೊಟ್ಟೆಯ ಕಡೆಗೆ ಒತ್ತುವ ಸಣ್ಣ ರೆಕ್ಕೆ ಇದ್ದರೆ ಉಬ್ಬು ಬಹಳ ಮಟ್ಟಿಗೆ ಮಾಯವಾಗುತ್ತದೆ. ಒಂದೂವರೆ ಇಂಚು ಅಗಲದ, ಮಡಚದ ಬೆಲ್ಟ್ ಕಟ್ಟದಿದ್ದರೆ ಇಷ್ಟೂ ವ್ಯರ್ಥ.

ಅನಾಹುತ ಆಗುವುದು ಹೊರಗೆಳೆಯುವಾಗಿನದಕ್ಕಿಂತ ವಾಪಸ್ ಇಡುವಾಗಲೇ ಹೆಚ್ಚು. ಎಡಗೈಯಿಂದ ಅಂಗಿಯನ್ನು ಎದೆಯವರೆಗೆ ಎತ್ತಿ ಹಿಡಿಯಿರಿ, ತೋರುಬೆರಳು ಸ್ಲೈಡಿನ ಪಕ್ಕಕ್ಕೆ ಚಾಚಿರಲಿ, ಹೋಲ್‌ಸ್ಟರಿನ ಬಾಯಿಯನ್ನು ಕಣ್ಣಾರೆ ನೋಡಿ, ಸೊಂಟವನ್ನು ಸ್ವಲ್ಪ ಮುಂದಕ್ಕೆ ತಂದು ನಿಧಾನವಾಗಿ ಇಳಿಸಿ. ಎಲ್ಲಾದರೂ ತಡೆದರೆ ಒತ್ತಬೇಡಿ, ಹೊರಗೆ ತೆಗೆದು ಏನು ಸಿಕ್ಕಿದೆ ನೋಡಿ. ಜುಬ್ಬಾದ ಅಂಚು, ಜಾಕೆಟ್ಟಿನ ದಾರದ ತುದಿಯ ಗುಂಡಿ, ಪೈಜಾಮದ ಲಾಡಿ, ಯಾವುದೂ ಟ್ರಿಗರನ್ನು ಬೆರಳಿನಂತೆಯೇ ಎಳೆಯಬಲ್ಲದು.

ಗುಂಡಿನ ಖರ್ಚನ್ನು ಪಿಸ್ತೂಲಿನ ಬೆಲೆಯ ಜೊತೆಗೇ ಸೇರಿಸಿ. ಅಭ್ಯಾಸಕ್ಕೆ 115 ಗ್ರೇನ್ ತೂಕದ ಸಾದಾ ಗುಂಡು, ಒಯ್ಯಲು 124 ಅಥವಾ 147 ಗ್ರೇನಿನ ಹಾಲೋ ಪಾಯಿಂಟ್ (ಮೂತಿ ಪೊಳ್ಳಾದ ಗುಂಡು). ಸಾದಾ ಗುಂಡು 200, ಒಯ್ಯುವ ಗುಂಡು 50 ತೊಡಕಿಲ್ಲದೆ ಹಾರುವವರೆಗೆ ಆ ಪಿಸ್ತೂಲನ್ನು ನಂಬಬೇಡಿ. ಖಾಲಿ ಕವಚ ಹೊರಬೀಳದೆ ಮಧ್ಯೆ ನಿಂತರೆ ಮೊದಲು ನಿಮ್ಮ ಮಣಿಕಟ್ಟನ್ನು ಅನುಮಾನಿಸಿ. ಹಿಡಿತ ಸಡಿಲವಾದರೆ ಇಡೀ ಪಿಸ್ತೂಲೇ ಹಿಂದಕ್ಕೆ ಜರುಗಿ ಸ್ಲೈಡಿನ ಓಟ ಕುಂಠಿತವಾಗುತ್ತದೆ, ಹಗುರ ಪಿಸ್ತೂಲಿನಲ್ಲಿ ಇದು ಹೆಚ್ಚು. ಗಟ್ಟಿ ಹಿಡಿದೂ ಆದರೆ ಮ್ಯಾಗಜೀನ್ ಬದಲಿಸಿ ನೋಡಿ. ತೊಡಕು ಒಂದೇ ಮ್ಯಾಗಜೀನಿನ ಹಿಂದೆ ಹೋಗುತ್ತಿದ್ದರೆ ತಪ್ಪು ಅದರದ್ದೇ. ದಿನಾ ರಾತ್ರಿ ಗುಂಡು ಇಳಿಸಿ ಬೆಳಿಗ್ಗೆ ಅದನ್ನೇ ಮತ್ತೆ ಚೇಂಬರಿಗೆ ಹಾಕುವ ಅಭ್ಯಾಸವೂ ಒಳ್ಳೆಯದಲ್ಲ. ಪ್ರತಿ ಸಲ ಮೂತಿ ಬಡಿದು ಗುಂಡು ಕವಚದೊಳಗೆ ಕೂದಲೆಳೆಯಷ್ಟು ಕುಸಿಯುತ್ತದೆ, ಕುಸಿದಷ್ಟೂ ಹಾರುವಾಗ ಒತ್ತಡ ಏರುತ್ತದೆ. ಹೊಸ ಗುಂಡಿನ ಪಕ್ಕದಲ್ಲಿಟ್ಟು ನೋಡಿ, ಗಿಡ್ಡ ಕಂಡರೆ ಬಳಸಬೇಡಿ. ಎಣ್ಣೆ ಸ್ಲೈಡ್ ಜಾರುವ ಕಂಬಿಗಳಿಗೆ ಒಂದೊಂದು ಹನಿ ಸಾಕು. ಸ್ಟ್ರೈಕರಿನ (ಗುಂಡಿನ ಹಿಂಬದಿಗೆ ಬಡಿಯುವ ಮೊಳೆಯ) ಕೊಳವೆಗೆ ಬಿಟ್ಟರೆ ಬಟ್ಟೆಯ ನೂಲು, ಮಸಿ ಸೇರಿ ಅಂಟಾಗಿ ಪೆಟ್ಟು ಸೋಲುತ್ತದೆ.

ಮನೆಯಲ್ಲಿ ಮಕ್ಕಳಿರಲಿ ಬಿಡಲಿ, ಸೊಂಟದಿಂದ ಇಳಿದ ಪಿಸ್ತೂಲು ಬೀಗದ ಪೆಟ್ಟಿಗೆಗೇ ಹೋಗಬೇಕು. ಗುಂಡಿ ಒತ್ತಿ ತೆರೆಯುವ ಉಕ್ಕಿನ ಪೆಟ್ಟಿಗೆ 50–60 ಡಾಲರಿನಿಂದ ಸಿಗುತ್ತದೆ, ಅದರ ತಂತಿಯನ್ನು ಮಂಚದ ಕಾಲಿಗೆ ಬಿಗಿಯಿರಿ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಮನೆಯಲ್ಲಿ ಯಾರಾದರೂ ಕುಗ್ಗಿಹೋಗಿದ್ದರೆ, ಕೆಲಸ ಹೋದ ಸಂಕಟದಲ್ಲೋ ಒಂಟಿತನದಲ್ಲೋ ಇದ್ದರೆ, ಕೊಳ್ಳುವ ಮಾತನ್ನೇ ಬಿಡಿ. ಈಗಾಗಲೇ ಇದ್ದರೆ ಅದನ್ನು ಮನೆಯಿಂದ ಹೊರಗಿಡುವ ಏರ್ಪಾಡು ಮಾಡಿ. ನಾಚಿಕೆಯಿಂದ ಮುಚ್ಚಿಡುವ ವಿಷಯ ಇದಲ್ಲ, ಆದರೂ ನಮ್ಮ ಸಮುದಾಯದಲ್ಲಿ ಮುಚ್ಚಿಡುತ್ತೇವೆ.

800 ಡಾಲರ್ ಇದೆ ಅಂದುಕೊಳ್ಳಿ. ಪಿಸ್ತೂಲಿಗೆ ಸುಮಾರು 400, ಹೋಲ್‌ಸ್ಟರ್ ಮತ್ತು ಬೆಲ್ಟಿಗೆ 120, ಪೆಟ್ಟಿಗೆಗೆ 60, ಉಳಿದದ್ದೆಲ್ಲ ಗುಂಡಿಗೆ, ಕಲಿಕೆಗೆ. 700 ಡಾಲರಿನ ಪಿಸ್ತೂಲಿಗೆ ನೂರು ಡಾಲರಿನ ಅಭ್ಯಾಸ ಮಾಡಿದವರಿಗಿಂತ ಈ ಲೆಕ್ಕದವರ ಕೈ ಒಂದೇ ವರ್ಷದಲ್ಲಿ ಪಳಗಿರುತ್ತದೆ.

ಊರಿಗೆ ಹೋಗುವವರಿಗೆ ಒಂದು ಮಾತು. ರೇಂಜಿಗೆ ಒಯ್ಯುವ ಬ್ಯಾಗನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ಜೀವಂತ ಗುಂಡು ದೇವನಹಳ್ಳಿಯ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳುತ್ತದೆ, ಗೊತ್ತಿಲ್ಲದೆ ಬಂತೆಂದು ಸಾಬೀತು ಮಾಡಲು ಕೋರ್ಟು ಅಲೆಯಬೇಕಾಗುತ್ತದೆ. ಪ್ಯಾಕ್ ಮಾಡುವ ಮುನ್ನ ಜಾಕೆಟ್ಟಿನ ಜೇಬು, ಮಕ್ಕಳ ಬೆನ್ನುಚೀಲ, ಕಾರಿನಲ್ಲಿ ಇಟ್ಟಿದ್ದ ಕೈಚೀಲ ಎಲ್ಲವನ್ನೂ ತಲೆಕೆಳಗೆ ಮಾಡಿ ಕೊಡವಿ, ಹೊಲಿಗೆಯ ಸಂದಿಗಳಲ್ಲಿ ಬೆರಳು ಆಡಿಸಿ ನೋಡಿ.