ಸಿಡ್ನಿಗೆ ಹೋಗಲು ದೆಹಲಿಗೆ ಯಾಕೆ ಹೋಗಬೇಕು?

ಬೆಂಗಳೂರಿನಿಂದ ಏರ್ ಇಂಡಿಯಾದಲ್ಲಿ ಸಿಡ್ನಿಗೆ ಟಿಕೆಟ್ ಹುಡುಕಿ ನೋಡಿ. ದೆಹಲಿ ಮೇಲೆ ಹೋಗಿ ಅನ್ನುತ್ತದೆ. ಆಸ್ಟ್ರೇಲಿಯಾ ಇರುವುದು ದಕ್ಷಿಣಕ್ಕೆ, ನಾವು ಮೊದಲು 1,700 ಕಿಲೋಮೀಟರ್ ಉತ್ತರಕ್ಕೆ ಹಾರಬೇಕು. ಮೈಸೂರಿಗೆ ಹೊರಟವರನ್ನು ತುಮಕೂರು ಬಸ್ಸಿಗೆ ಹತ್ತಿಸಿದ ಹಾಗೆ.

ದೆಹಲಿಯನ್ನು ಬೈಯುವ ಪೋಸ್ಟ್ ಅಲ್ಲ ಇದು. ದೂರದ ವಿಮಾನ ತುಂಬಬೇಕಾದರೆ ಹತ್ತಾರು ಊರಿನ ಜನರನ್ನು ಒಂದು ಕಡೆ ಸೇರಿಸಲೇಬೇಕು. ಲಂಡನ್‌ಗಾದರೆ ದೆಹಲಿ ಹಾದಿಯಲ್ಲೇ ಸಿಗುತ್ತದೆ. ನೇರ ಹೋದರೆ ಸುಮಾರು 8,000 ಕಿಲೋಮೀಟರ್, ದೆಹಲಿ ಮೇಲೆ ಹೋದರೆ 400 ಜಾಸ್ತಿ, ಅಷ್ಟೇ. ಸಿಡ್ನಿ ಲೆಕ್ಕ ಬೇರೆ. ನೇರ ದಾರಿ ಸುಮಾರು 9,300, ದೆಹಲಿ ಸುತ್ತಿದರೆ 12,000 ದಾಟುತ್ತದೆ. ಮಗಳ ಬಾಣಂತನಕ್ಕೆ ಒಬ್ಬರೇ ಹೊರಟ, ಕನ್ನಡ ಬಿಟ್ಟು ಬೇರೆ ಬಾರದ ಅಮ್ಮಂದಿರಿಗೆ ಈ ಸುತ್ತು ಬರೀ ಕಿಲೋಮೀಟರ್ ಲೆಕ್ಕವಲ್ಲ. ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಾಸ್ 2022ರ ಸೆಪ್ಟೆಂಬರ್‌ನಲ್ಲೇ ಬೆಂಗಳೂರು–ಸಿಡ್ನಿ ನೇರ ವಿಮಾನ ಶುರುಮಾಡಿತು. ಅಷ್ಟು ದೂರದವರಿಗೆ ಕಂಡ ಗಿರಾಕಿ ನಮ್ಮವರಿಗೆ ಕಾಣಲಿಲ್ಲವೇ?

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ನೇರ ಬೆಂಗಳೂರಿಗೆ ಬಂದಿಳಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಪಡಬೇಕಾದ್ದೇ. ಆದರೆ ಅಂಥ ಮಾರ್ಗವನ್ನು ಉಳಿಸಿಕೊಳ್ಳುವುದು ಕಷ್ಟ. ಸುಮಾರು 14,000 ಕಿಲೋಮೀಟರ್ ಹಾರಲು ಬೇಕಾದ ಇಂಧನವನ್ನೆಲ್ಲ ಮೊದಲೇ ತುಂಬಿಕೊಳ್ಳಬೇಕು. ಆ ಇಂಧನದ ಭಾರ ಹೊರಲಿಕ್ಕೇ ಮತ್ತಷ್ಟು ಇಂಧನ ಸುಡುತ್ತದೆ. ಅಷ್ಟು ದೂರ ಹಾರಬಲ್ಲ ವಿಮಾನಗಳೂ ಬೆರಳೆಣಿಕೆಯಷ್ಟು. ಅಮೆರಿಕಕ್ಕೆ ನೇರ ವಿಮಾನ ಬೇಕು ಅಂತ ಗಲಾಟೆ ಮಾಡುವವರ ಜೊತೆ ನಾನಿಲ್ಲ.

ನನಗೆ ಬೇಕಾಗಿರುವುದು ಪೂರ್ವ ದಿಕ್ಕು. ಸಿಂಗಾಪುರ, ಬ್ಯಾಂಕಾಕ್, ವಿಯೆಟ್ನಾಂನ ಹೋ ಚಿ ಮಿನ್, ಜಕಾರ್ತ, ಬಾಲಿ. ಇವಕ್ಕೆಲ್ಲ ದೆಹಲಿಗಿಂತ ಬೆಂಗಳೂರೇ ಹತ್ತಿರ. ದೊಡ್ಡ ವಿಮಾನವೂ ಬೇಕಿಲ್ಲ. ಏರ್ ಇಂಡಿಯಾ 2023ರಲ್ಲಿ 470 ವಿಮಾನಗಳಿಗೆ ಆರ್ಡರ್ ಕೊಟ್ಟಿತಲ್ಲ, ಅದರಲ್ಲಿ 400 ಇಂಥ ದೂರಕ್ಕೆ ಹೇಳಿ ಮಾಡಿಸಿದಂಥ, ಸೀಟುಗಳ ನಡುವೆ ಓಡಾಡಲು ಒಂದೇ ಓಣಿ ಇರುವ ಸಣ್ಣ ವಿಮಾನಗಳು. ಅಂಥ ವಿಮಾನದಲ್ಲೇ ಇಂಡಿಗೋ 2024ರಲ್ಲಿ ಬೆಂಗಳೂರಿನಿಂದ ಬಾಲಿಗೆ ನೇರ ಹಾರಾಟ ಶುರುಮಾಡಿತು. ದೇವನಹಳ್ಳಿಯ ಎರಡನೇ ಟರ್ಮಿನಲ್‌ನಲ್ಲಿ ಏರ್ ಇಂಡಿಯಾದ ದೇಶದೊಳಗಿನ ವಿಮಾನವೂ ಹೊರದೇಶದ ವಿಮಾನವೂ ಒಂದೇ ಸೂರಿನಡಿ ಸಿಗುತ್ತವೆ. ಮಂಗಳೂರಿನವರು, ಕೊಚ್ಚಿಯವರು, ಕೊಯಮತ್ತೂರಿನವರು ಇಲ್ಲಿಗೆ ಬಂದು ವಿಮಾನ ಬದಲಿಸಿ ಪೂರ್ವಕ್ಕೆ ಹೋಗಬಹುದು. ಚಳಿಗಾಲದಲ್ಲಿ ದೆಹಲಿಯ ಮಂಜಿಗೆ ಸಿಕ್ಕಿ ಕಾಯುವುದೂ ತಪ್ಪುತ್ತದೆ. (ನಮ್ಮಲ್ಲೂ ಬೆಳಗಿನ ಜಾವ ಮಂಜು ಬೀಳುತ್ತದೆ, ಗೊತ್ತು. ಸುಮ್ನೆ ಕಾಮೆಂಟ್ ಹಾಕಬೇಡಿ.)

ಇನ್ನೊಂದು ಸಂಗತಿ. ಇದೇ ಏರ್ ಇಂಡಿಯಾ 1932ರಲ್ಲಿ ಟಾಟಾ ಹೆಸರಿನಲ್ಲಿ ಟಪಾಲು ಹೊತ್ತು ಶುರುವಾದಾಗ, ಕರಾಚಿಯಿಂದ ಅಹಮದಾಬಾದ್, ಬಾಂಬೆ ದಾಟಿ ಮದ್ರಾಸಿಗೆ ಹೋಗುವ ಮೊದಲು ಇಳಿಯುತ್ತಿದ್ದ ಊರು ನಮ್ಮ ಬಳ್ಳಾರಿ. ಆ ಮೊದಲ ಮಾರ್ಗದಲ್ಲಿ ದೆಹಲಿ ಇರಲೇ ಇಲ್ಲ!

"ಈಗ ಅದು ಖಾಸಗಿ ಕಂಪನಿ, ಅವರಿಷ್ಟ" ಅನ್ನುವವರಿದ್ದಾರೆ. ಸರಿ, 2022ರಲ್ಲಿ ಮತ್ತೆ ಟಾಟಾ ಕೈಗೆ ಹೋಯಿತು, ಸಂಸತ್ತಿನಲ್ಲಿ ಕೇಳಿ ಹಾಕಿಸಿಕೊಳ್ಳುವ ಕಾಲ ಮುಗಿಯಿತು. ಹಾಗಾಗಿಯೇ ನಾನು ಗಿರಾಕಿಯಾಗಿ ಕೇಳುತ್ತಿದ್ದೇನೆ. ಮೊದಲು ಹೋ ಚಿ ಮಿನ್, ಬಾಲಿಗೆ ವಾರಕ್ಕೆ ಮೂರು ವಿಮಾನ ಹಾಕಿ ನೋಡಲಿ. ತುಂಬದಿದ್ದರೆ ತೆಗೆಯಲಿ.