ಟಿವಿ ಯಾರೂ ನೋಡ್ತಿಲ್ಲ ಅನ್ನೋದು ಪೂರ್ತಿ ನಿಜ ಅಲ್ಲ

ಮೊನ್ನೆ ಇನ್ನೊಬ್ಬ ಗೆಳೆಯನ ಕೆಲಸ ಹೋಯಿತು. ಕ್ರೀಡಾ ಚಾನೆಲ್ ಒಂದರಲ್ಲಿ ಗ್ರಾಫಿಕ್ಸ್ ನೋಡಿಕೊಳ್ಳುತ್ತಿದ್ದವನು. ಎಷ್ಟು ಬಾಲಿಗೆ ಎಷ್ಟು ರನ್ ಬೇಕು ಅಂತ ಪರದೆಯ ಕೆಳಗೆ ಬರುತ್ತದಲ್ಲ, ಅದರ ಹಿಂದೆ ಕೂತಿದ್ದವನು. ಸುದ್ದಿ ಗೊತ್ತಾದ ಮೇಲೆ ನಮ್ಮ ಹಳೇ ಗೆಳೆಯರ ಗುಂಪಿನಲ್ಲಿ ಒಬ್ಬರು ಬರೆದರು: "ಈಗ ಟಿವಿ ಯಾರ್ ನೋಡ್ತಾರೆ ಗುರು, ಇದು ಆಗೋದೇ." ಅವರು ಬೇಸರದಲ್ಲೇ ಹೇಳಿದ್ದು. ಆದರೂ ಆ ಮಾತು ನನಗೆ ಎರಡು ದಿನ ಚುಚ್ಚುತ್ತಲೇ ಇತ್ತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು 11 ವರ್ಷ ಪಂದ್ಯಗಳ ನೇರಪ್ರಸಾರದಲ್ಲಿ ರೀಪ್ಲೇ ತೆಗೆದುಕೊಡುವ ಸೀಟಿನಲ್ಲಿ ಕೂತವನು. ಆಟ ನೋಡುವವರು ಕಡಿಮೆಯಾಗಿದ್ದಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ದೊಡ್ಡ ಪಂದ್ಯದ ದಿನ ಈಗಲೂ ಜನ ಊಟ ನಿದ್ದೆ ಬಿಟ್ಟು ನೋಡುತ್ತಾರೆ. ಟಿವಿಯಲ್ಲಿ ಇಲ್ಲದಿದ್ದರೆ ಫೋನಿನಲ್ಲಿ ನೋಡುತ್ತಾರೆ. ಈ ವ್ಯಾಪಾರದಿಂದ ದೂರ ಹೋದವರು ಬೇರೆಯವರು. ಆಟ ನೋಡದೆಯೇ ಆಟಕ್ಕೆ ದುಡ್ಡು ಕೊಡುತ್ತಿದ್ದವರು.

ಇದು ಅರ್ಥವಾಗಬೇಕಾದರೆ ಅಮೆರಿಕದ ಕ್ರೀಡಾ ಚಾನೆಲ್ ಇಎಸ್‌ಪಿಎನ್ ಕಡೆ ನೋಡಬೇಕು. 1978ರಲ್ಲಿ ಬಿಲ್ ರಾಸ್ಮುಸ್ಸೆನ್ ಎಂಬವರನ್ನು ಒಂದು ಐಸ್ ಹಾಕಿ ತಂಡ ಕೆಲಸದಿಂದ ತೆಗೆಯಿತು. ಅವರು ಮಗನ ಜೊತೆ ಸೇರಿ ಆಟಕ್ಕೇ ಮೀಸಲಾದ ಒಂದು ಚಾನೆಲ್ ಕಟ್ಟಲು ಹೊರಟರು. 1979ರ ಸೆಪ್ಟೆಂಬರ್ 7ರಂದು, ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್ ಎಂಬ ಸಣ್ಣ ಊರಿನಿಂದ ಅದು ಶುರುವಾಯಿತು. ಕೆಲಸ ಕಳೆದುಕೊಂಡ ಮನುಷ್ಯ ಹುಟ್ಟುಹಾಕಿದ ಚಾನೆಲ್ ಅದು. ಇದನ್ನು ನೆನೆದಾಗಲೆಲ್ಲ ನನಗೆ ಒಂದು ಥರ ಧೈರ್ಯ ಬರುತ್ತದೆ.

ಅದನ್ನು ಅಷ್ಟು ದೊಡ್ಡದು ಮಾಡಿದ್ದು ಕೇಬಲ್ ಪ್ಯಾಕೇಜ್. ಅಲ್ಲಿ ಕೇಬಲ್ ಹಾಕಿಸಿಕೊಂಡ ಮನೆಗೆ ಬೇಕೋ ಬೇಡವೋ ಇಎಸ್‌ಪಿಎನ್ ಕೂಡ ಬರುತ್ತಿತ್ತು. ಪ್ರತಿ ಮನೆಯಿಂದ ಪ್ರತಿ ತಿಂಗಳು ಕೇಬಲ್ ಕಂಪನಿ ಚಾನೆಲ್‌ಗೆ ಇಷ್ಟು ಅಂತ ಕೊಡಬೇಕು. 2017ರ ಹೊತ್ತಿಗೆ ಅದು ಸುಮಾರು 7 ಡಾಲರ್ ಆಗಿತ್ತು. ಬರೀ ಧಾರಾವಾಹಿ ನೋಡುವ ಅಜ್ಜಿಯೂ ಅದನ್ನು ಕೊಡುತ್ತಿದ್ದರು, ಬರೀ ಸುದ್ದಿ ನೋಡುವ ಮೇಷ್ಟ್ರೂ ಕೊಡುತ್ತಿದ್ದರು. ಬಿಲ್ಲಿನಲ್ಲಿ ಅದು ಬೇರೆ ಕಾಣುತ್ತಿರಲಿಲ್ಲ, ಹಾಗಾಗಿ ಯಾರಿಗೂ ನೋಯುತ್ತಲೂ ಇರಲಿಲ್ಲ. 2011ರ ಸುಮಾರಿಗೆ 10 ಕೋಟಿ ಮನೆಗಳಲ್ಲಿ ಆ ಚಾನೆಲ್ ಇತ್ತು.

ಆಮೇಲೆ ಜನ ಕೇಬಲ್ ಕಿತ್ತುಹಾಕಿ ನೆಟ್‌ಫ್ಲಿಕ್ಸ್ ಥರದವುಗಳ ಕಡೆ ಹೊರಟರು. 2017ಕ್ಕೆ 10 ಕೋಟಿ ಇದ್ದದ್ದು 8.8 ಕೋಟಿಯ ಹತ್ತಿರಕ್ಕೆ ಬಂತು. ಲೆಕ್ಕ ಹಾಕಿ ನೋಡಿ. 1.2 ಕೋಟಿ ಮನೆ, ತಿಂಗಳಿಗೆ 7 ಡಾಲರ್, 12 ತಿಂಗಳು. ವರ್ಷಕ್ಕೆ 100 ಕೋಟಿ ಡಾಲರ್ ಮಾಯ! ಹಾಗೆ ಹೋದವರಲ್ಲಿ ಎಷ್ಟೋ ಜನ ಆ ಚಾನೆಲ್ ಹಾಕಿ ನೋಡಿದವರೇ ಅಲ್ಲ. ನೋಡುತ್ತಿದ್ದವರು ಹೆಚ್ಚಾಗಿ ಉಳಿದುಕೊಂಡರು.

ಒಳಗೆ ಬರುವ ದುಡ್ಡು ಹೀಗೆ ಸೋರುತ್ತಿರುವಾಗಲೇ ಹೊರಗೆ ಹೋಗುವ ದುಡ್ಡು ಏರುತ್ತಿತ್ತು. ಎನ್‌ಬಿಎ ಬಾಸ್ಕೆಟ್‌ಬಾಲ್ ತೋರಿಸುವ ಹಕ್ಕಿಗೆ ಇಎಸ್‌ಪಿಎನ್ ಮತ್ತು ಟರ್ನರ್ ಎಂಬ ಇನ್ನೊಂದು ಟಿವಿ ಕಂಪನಿ 2014ರಲ್ಲಿ ಒಪ್ಪಿಕೊಂಡದ್ದು 9 ವರ್ಷಕ್ಕೆ 2,400 ಕೋಟಿ ಡಾಲರ್. ಮುಂದಿನ ಒಪ್ಪಂದ 2024ರಲ್ಲಿ ಆಯಿತು. ಈ ಸಲ 11 ವರ್ಷಕ್ಕೆ ಸುಮಾರು 7,600 ಕೋಟಿ ಡಾಲರ್! ಇಎಸ್‌ಪಿಎನ್‌ನ ಒಡೆಯರಾದ ಡಿಸ್ನಿ, ಜೊತೆಗೆ ಎನ್‌ಬಿಸಿ ಮತ್ತು ಅಮೆಜಾನ್ ಅದನ್ನು ಹಂಚಿಕೊಂಡರು. ದಶಕಗಳಿಂದ ಎನ್‌ಬಿಎ ತೋರಿಸುತ್ತಿದ್ದ ಟರ್ನರ್‌ನವರ ಕೈ ತಪ್ಪಿತು. ಅಮೆಜಾನ್‌ಗೆ ಆಟದಿಂದಲೇ ಲಾಭ ಬರಬೇಕೆಂದೇನೂ ಇಲ್ಲ, ಅದರ ಅಂಗಡಿ ಬೇರೆ ಇದೆ. ಆಟವನ್ನೇ ನಂಬಿಕೊಂಡ ಚಾನೆಲ್ ಅಂಥವರ ಎದುರು ಹರಾಜು ಕೂಗಬೇಕು.

ಹೊರಗಿನವರಿಗೆ ಕಾಣದ ಮಾತು ಒಂದಿದೆ. ಹಕ್ಕಿನ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಅದರಲ್ಲಿ ಒಂದು ಪೈಸೆ ಮುಟ್ಟುವ ಹಾಗಿಲ್ಲ. ಮುಂದಿನ 9-10 ವರ್ಷದ ಕಂತು ಮೊದಲೇ ಬರೆದಿಟ್ಟಾಗಿದೆ. ಹಾಗಾದರೆ ಖರ್ಚು ಕಡಿಮೆ ಮಾಡಿ ಅಂತ ಮೇಲಿನಿಂದ ಮಾತು ಬಂದಾಗ ಕೈ ಎಲ್ಲಿಗೆ ಹೋಗುತ್ತದೆ? ಸಂಬಳದ ಪಟ್ಟಿಗೆ. ಮುಟ್ಟಲು ಆಗುವುದು ಅದೊಂದನ್ನೇ.

ಇಎಸ್‌ಪಿಎನ್ 2015ರಲ್ಲಿ ಸುಮಾರು 300 ಜನರನ್ನು ತೆಗೆಯಿತು. 2017ರ ಏಪ್ರಿಲ್ 26ರಂದು ಸುಮಾರು 100 ಜನ, ಹೆಚ್ಚಿನವರು ಪರದೆಯ ಮೇಲೆ ಕಾಣುತ್ತಿದ್ದವರು, ವರದಿಗಾರರು. ಅದೇ ವರ್ಷ ನವೆಂಬರ್‌ನಲ್ಲಿ ಇನ್ನೂ 150. ಇವರು ಪರದೆಯ ಹಿಂದಿನವರು, ಹಾಗಾಗಿ ಸುದ್ದಿಯೂ ಸಣ್ಣದಾಯಿತು. 2020ರ ನವೆಂಬರ್‌ನಲ್ಲಿ 300 ಜನ ಹೋದರು, ಅದರ ಮೇಲೆ ಖಾಲಿ ಇದ್ದ 200 ಹುದ್ದೆಗಳನ್ನು ಮುಚ್ಚಿದರು. 2023ರಲ್ಲಿ ಡಿಸ್ನಿ 7,000 ಹುದ್ದೆಗಳಿಗೆ ಕತ್ತರಿ ಹಾಕಿದಾಗ ಮತ್ತೊಂದು ಸುತ್ತು. ಜೆಫ್ ವ್ಯಾನ್ ಗಂಡಿ ಆ ವರ್ಷದ ಜೂನ್‌ನಲ್ಲಿ ಎನ್‌ಬಿಎ ಫೈನಲ್ಸ್‌ಗೆ ಕಾಮೆಂಟರಿ ಹೇಳಿದರು. ತಿಂಗಳು ಮುಗಿಯುವುದರೊಳಗೆ ಅವರ ಕೆಲಸ ಇರಲಿಲ್ಲ.

ನಮ್ಮ ಐಪಿಎಲ್‌ನಲ್ಲೂ ಗಾಳಿ ಅದೇ ಕಡೆ ಬೀಸಿದೆ. 2023ರಿಂದ 2027ರವರೆಗಿನ ಹಕ್ಕು 2022ರ ಹರಾಜಿನಲ್ಲಿ 48,390 ಕೋಟಿ ರೂಪಾಯಿಗೆ ಹೋಯಿತು. ಟಿವಿ ಮತ್ತು ಡಿಜಿಟಲ್ ಬೇರೆಬೇರೆ ಕಂಪನಿಗಳ ಪಾಲಾದವು. ಭಾರತದ ಟಿವಿಗೆ 23,575 ಕೋಟಿ, ಡಿಜಿಟಲ್‌ಗೆ 20,500 ಕೋಟಿ. ಅಷ್ಟು ಸಮಸಮಕ್ಕೆ ಬಂದುಬಿಟ್ಟಿತ್ತು. 2024ರ ನವೆಂಬರ್‌ನಲ್ಲಿ ಆ ಎರಡೂ ಕಂಪನಿಗಳು ಒಂದಾದವು. ಎರಡು ಕಂಪನಿ ಒಂದಾದರೆ ಒಂದೇ ಕುರ್ಚಿಗೆ ಇಬ್ಬರಿರುತ್ತಾರೆ. ಮುಂದಿನದ್ದು ಹೇಳಬೇಕಾಗಿಲ್ಲ, ಅಲ್ವಾ?

ಈಗ ನನ್ನ ಕೆಲಸದ ಕಡೆ ಬರುತ್ತೇನೆ.

ರೀಪ್ಲೇ ಅಂದರೆ ಸುಮ್ನೆ ಹಿಂದಕ್ಕೆ ಓಡಿಸಿ ತೋರಿಸುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮೈದಾನದ ಪಕ್ಕ ನಿಲ್ಲುವ ಪ್ರಸಾರದ ಗಾಡಿ ಒಬಿ ವ್ಯಾನಿನೊಳಗೆ, ಎಸಿಯ ಕೊರೆಯುವ ಚಳಿಯಲ್ಲಿ, ನನ್ನ ಮುಂದೆ ನಾಲ್ಕೈದು ಕ್ಯಾಮೆರಾಗಳ ಚಿತ್ರ ಒಟ್ಟಿಗೆ ಓಡುತ್ತಿರುತ್ತದೆ. ಎಡಗೈ ಗುಂಡಿಗಳ ಮೇಲೆ, ಬಲಗೈ ಚಿತ್ರವನ್ನು ಹಿಂದೆ ಮುಂದೆ ಓಡಿಸುವ ಲಿವರ್ ಮೇಲೆ. ಕಿವಿಯಲ್ಲಿ ಡೈರೆಕ್ಟರ್ ಮಾತು ನಿಲ್ಲುವುದೇ ಇಲ್ಲ. ಬಾಲ್ ಮುಗಿದ ಎರಡು ಮೂರು ಸೆಕೆಂಡಿನಲ್ಲಿ ಯಾವ ಕ್ಯಾಮೆರಾದಲ್ಲಿ ಏನು ಸಿಕ್ಕಿದೆ ಅಂತ ನಾನು ಕೂಗಿ ಹೇಳಬೇಕು. ಸ್ಪಿನ್ನರ್ ಬೌಲಿಂಗ್ ಇದ್ದರೆ ಅರ್ಧ ನಿಮಿಷದೊಳಗೆ ಮುಂದಿನ ಬಾಲ್ ಬಂದೇ ಬಿಡುತ್ತದೆ. ಡೈರೆಕ್ಟರ್ ಕೇಳಿದ ಮೇಲೆ ಹುಡುಕಲು ಹೊರಟರೆ ಕೆಲಸ ಕೆಟ್ಟಿತು. ಅವರು ಕೇಳುವ ಮೊದಲೇ ಗುರುತು ಹಾಕಿ ಇಟ್ಟಿರಬೇಕು.

ಇದನ್ನು ನನಗೆ ಕಲಿಸಿದವರು ಒಬ್ಬರು ಸೀನಿಯರ್. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. ಮೊದಲ ವಾರ ಬೌಂಡರಿ ಹತ್ತಿರ ಒಂದು ಕ್ಯಾಚ್ ಆಯಿತು. ನಾನು ಬಾಲ್ ಕೈಗೆ ಬಂದ ಜಾಗಕ್ಕೆ ಗುರುತು ಹಾಕಿ ಹೆಮ್ಮೆಯಿಂದ ಕೂತಿದ್ದೆ. ಅಣ್ಣ ಪಕ್ಕದಿಂದ ಕೈ ಚಾಚಿ ಲಿವರ್ ಹಿಡಿದು ಚೂರು ಮುಂದಕ್ಕೆ ತಂದರು. ಫೀಲ್ಡರ್‌ನ ಹಿಮ್ಮಡಿ ಹಗ್ಗದಿಂದ ಒಂದು ಬೆರಳಿನಷ್ಟು ದೂರ ನಿಂತಿತ್ತು. "ಬಾಲ್ ಹಿಂದೆ ಎಲ್ಲರೂ ಹೋಗ್ತಾರೆ ಕಣೋ. ನೀನು ಕಾಲು ನೋಡು," ಅಂದರು.

ಅವರ ಹತ್ತಿರ ಉದ್ದನೆಯ ಒಂದು ರೂಲ್ಡ್ ಪುಸ್ತಕ ಇತ್ತು. ಯಾವ ಬೌಲರ್ ಕೈ ಬಿಡುವುದು ಯಾವ ಕ್ಯಾಮೆರಾದಲ್ಲಿ ಚೆನ್ನಾಗಿ ಸಿಗುತ್ತದೆ, ಯಾವ ಮೈದಾನದಲ್ಲಿ ಸಂಜೆ ಎಷ್ಟು ಹೊತ್ತಿಗೆ ನೆರಳು ಪಿಚ್ ಮೇಲೆ ಬೀಳುತ್ತದೆ, ಯಾವ ಬ್ಯಾಟ್ಸ್‌ಮನ್ ಔಟಾದ ಮೇಲೆ ತಿರುಗಿ ನೋಡುತ್ತಾನೆ. ಎಲ್ಲ ಸಣ್ಣ ಅಕ್ಷರದಲ್ಲಿ, ಪೆನ್ಸಿಲ್‌ನಲ್ಲಿ. ತಪ್ಪಾದರೆ ತಿದ್ದಬೇಕಲ್ಲ, ಅದಕ್ಕೆ ಪೆನ್ಸಿಲ್. 19 ವರ್ಷದ ಬರವಣಿಗೆ ಅದು.

ಅವರನ್ನು ಒಂದು ವಿಡಿಯೋ ಕಾಲ್‌ನಲ್ಲಿ ಕೆಲಸದಿಂದ ತೆಗೆದರು. ಕಂಪನಿಯ ಹೆಸರು ಬೇಡ. ಒಂಬತ್ತು ನಿಮಿಷದ ಕಾಲ್. ಅದರಲ್ಲಿ ಮಾತಾಡಿದ ಎಚ್‌ಆರ್ ಹುಡುಗಿ ಅವರನ್ನು ಹಿಂದೆ ಒಮ್ಮೆಯೂ ನೋಡಿದವಳಲ್ಲ. ಲ್ಯಾಪ್‌ಟಾಪ್, ಐಡಿ ಕಾರ್ಡ್, ಹೆಡ್‌ಸೆಟ್ ವಾಪಸ್ ಕೊಡಬೇಕು ಅಂತ ಪಟ್ಟಿ ಬಂತು. ಪುಸ್ತಕದ ಬಗ್ಗೆ ಯಾರೂ ಕೇಳಲಿಲ್ಲ. ಅಂಥದ್ದೊಂದು ಇದೆ ಅಂತ ಪಟ್ಟಿ ಮಾಡಿದವರಿಗೆ ಗೊತ್ತೇ ಇರಲಿಲ್ಲ. ಅಣ್ಣ ಅದನ್ನು ಮನೆಗೆ ತಗೊಂಡು ಹೋದರು.

ನನ್ನ ಸರದಿ ಒಂದೂವರೆ ವರ್ಷದ ನಂತರ ಬಂತು. ಈಗ ಪಂದ್ಯಕ್ಕೆ ಇಷ್ಟು ಅಂತ ದಿನಗೂಲಿ ಲೆಕ್ಕದಲ್ಲಿ ಹೋಗುತ್ತೇನೆ. ಅದೇ ಕುರ್ಚಿ, ಅದೇ ಲಿವರ್. ಪಿಎಫ್ ಇಲ್ಲ, ವಿಮೆ ಇಲ್ಲ. ನನ್ನಂಥವರು ಈಗ ಎಲ್ಲ ಕಡೆ ಇದ್ದಾರೆ.

ಕೆಲಸದ ರೀತಿಯೂ ಬದಲಾಯಿತು. ಈಗ ಎಷ್ಟೋ ಪಂದ್ಯಗಳಿಗೆ ಮೈದಾನದಲ್ಲಿ ಕ್ಯಾಮೆರಾದವರು ಮಾತ್ರ ಇರುತ್ತಾರೆ, ಉಳಿದವರು ನೂರಾರು ಮೈಲಿ ದೂರದ ಕಟ್ಟಡದಲ್ಲಿ ಕೂತು ಪಂದ್ಯ ಕಟ್ಟುತ್ತಾರೆ. ಇದು ಕೋವಿಡ್‌ಗಿಂತ ಮೊದಲೇ ಶುರುವಾಗಿತ್ತು, ಆದರೆ ಕೋವಿಡ್ ಅದನ್ನು ಗಟ್ಟಿ ಮಾಡಿತು. 2020ರ ಮೇ ತಿಂಗಳಲ್ಲಿ ಇಎಸ್‌ಪಿಎನ್ ದಕ್ಷಿಣ ಕೊರಿಯಾದ ಬೇಸ್‌ಬಾಲ್ ತೋರಿಸಿತು. ಕಾಮೆಂಟರಿ ಹೇಳುವವರು ಅಮೆರಿಕದಲ್ಲಿ ತಮ್ಮತಮ್ಮ ಮನೆಯಲ್ಲೇ ಕೂತು ಹೇಳಿದರು. ಆಗ ಬೇರೆ ದಾರಿ ಇರಲಿಲ್ಲ, ಅವರು ಮಾಡಿದ್ದು ದೊಡ್ಡ ಕೆಲಸವೇ. ಆದರೆ ಹೀಗೂ ಆಗುತ್ತದೆ ಅಂತ ಗೊತ್ತಾದ ಮೇಲೆ ಪ್ರಯಾಣದ ಖರ್ಚು, ಹೋಟೆಲ್ ಖರ್ಚು, ಅದರ ಜೊತೆ ಜನರೂ ಲೆಕ್ಕದಿಂದ ಬಿದ್ದುಹೋದರು.

ನಾನು ಯಂತ್ರದ ವಿರೋಧಿ ಅಲ್ಲ. ತಾನಾಗಿಯೇ ಬಾಲ್ ಹಿಂದೆ ತಿರುಗುವ ಕ್ಯಾಮೆರಾಗಳಿಂದ ಶಾಲಾ ಮಕ್ಕಳ ಪಂದ್ಯ ಕೂಡ ಲೈವ್ ಬರುತ್ತಿದೆ. ಅಲ್ಲಿಗೆ ಒಬಿ ವ್ಯಾನ್ ಯಾರೂ ಕಳಿಸುತ್ತಿರಲಿಲ್ಲ. ಮಗಳು ಆಡುವುದನ್ನು ದೂರದ ಊರಿನಿಂದ ಅಪ್ಪ ನೋಡಬಹುದು ಅಂದರೆ ನನಗೆ ಖುಷಿಯೇ. ನನ್ನ ತಕರಾರು ಇರುವುದು ಸಾವಿರಾರು ಕೋಟಿ ಕೊಟ್ಟು ಹಕ್ಕು ಕೊಂಡ ಪಂದ್ಯದಲ್ಲೂ ಕೂತು ನೋಡುವ ಮನುಷ್ಯನಿಗೆ ದುಡ್ಡಿಲ್ಲ ಅನ್ನುವ ಮಾತಿನ ಬಗ್ಗೆ.

ವರದಿಗಾರರ ವಿಷಯ ಇನ್ನೂ ನೋವಿನದ್ದು. 2017ರ ಆ ದಿನ ಕೆಲಸ ಕಳೆದುಕೊಂಡವರಲ್ಲಿ ಬೇಸ್‌ಬಾಲ್ ಬಗ್ಗೆ ಬರೆಯುತ್ತಿದ್ದ ಜೇಸನ್ ಸ್ಟಾರ್ಕ್ ಇದ್ದರು. ಎರಡು ವರ್ಷದ ನಂತರ, 2019ರಲ್ಲಿ, ಬೇಸ್‌ಬಾಲ್ ಬರಹಗಾರರಿಗೆ ಸಿಗುವ ಅತಿ ದೊಡ್ಡ ಗೌರವವಾದ ಸ್ಪಿಂಕ್ ಪ್ರಶಸ್ತಿ ಅವರಿಗೆ ಬಂತು. ಎಡ್ ವೆರ್ಡರ್ 17 ವರ್ಷ ಅಮೆರಿಕನ್ ಫುಟ್‌ಬಾಲ್ ವರದಿ ಮಾಡಿದವರು. ಆ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ಗೆ ಒಂದು ದಿನ ಇದೆ ಅನ್ನುವಾಗ ಅವರನ್ನು ತೆಗೆದರು.

ಅವರ ಜಾಗಕ್ಕೆ ಏನು ಬರುತ್ತದೆ? ಒಂದು ಮೇಜು, ಇಬ್ಬರು ಮೂವರು, ಗಂಟೆಗಟ್ಟಲೆ ವಾದ. ಚೆನ್ನಾಗಿ ಮಾತಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಡ್ರೆಸ್ಸಿಂಗ್ ರೂಮಿನ ಹೊರಗೆ ಮೂರು ಗಂಟೆ ಕಾದು ಒಂದು ಸಂಗತಿ ತರುವವನು ಇಲ್ಲದಿದ್ದರೆ ಆ ಮೇಜಿನ ಮೇಲೆ ವಾದ ಮಾಡಲು ಏನಿರುತ್ತದೆ?

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಹಕ್ಕು ಕೊಂಡ ಚಾನೆಲ್ ಆ ಲೀಗಿನ ಗ್ರಾಹಕನೂ ಹೌದು, ಪಾಲುದಾರನೂ ಹೌದು. 2013ರಲ್ಲಿ ಎನ್‌ಎಫ್‌ಎಲ್ ಆಟಗಾರರ ತಲೆಗೆ ಬೀಳುವ ಪೆಟ್ಟಿನ ಬಗ್ಗೆ ಪಿಬಿಎಸ್ ವಾಹಿನಿಯ ಫ್ರಂಟ್‌ಲೈನ್ ಕಾರ್ಯಕ್ರಮ ಒಂದು ಸಾಕ್ಷ್ಯಚಿತ್ರ ಮಾಡುತ್ತಿತ್ತು. ಇಎಸ್‌ಪಿಎನ್ ಅದರಲ್ಲಿ ಜೊತೆಯಾಗಿದ್ದು, ಕೊನೆಗೆ ತನ್ನ ಹೆಸರನ್ನು ಹಿಂದಕ್ಕೆ ತೆಗೆದುಕೊಂಡಿತು. 2025ರ ಆಗಸ್ಟ್‌ನಲ್ಲಿ ಎನ್‌ಎಫ್‌ಎಲ್ ಇಎಸ್‌ಪಿಎನ್‌ನಲ್ಲಿ ಶೇ. 10 ಪಾಲು ಪಡೆಯುವ ಒಪ್ಪಂದ ಪ್ರಕಟವಾಯಿತು. ಇನ್ನು ಆ ಲೀಗಿನ ತಪ್ಪನ್ನು ಅದೇ ಚಾನೆಲ್‌ನಲ್ಲಿ ಕೂತು ಕೆದಕುವವನಿಗೆ ಎಷ್ಟು ಗಟ್ಟಿ ಎದೆ ಬೇಕು ಯೋಚಿಸಿ. ಅಂಥ ಎದೆ ಇರುವ ಅನುಭವಿಗಳನ್ನೇ ಮೊದಲು ಕಳಿಸಿಬಿಟ್ಟರೆ ಹೊಸ ಹುಡುಗರು ಯಾರನ್ನು ನೋಡಿ ಕಲಿಯಬೇಕು?

ಅದೇ 2025ರ ಆಗಸ್ಟ್ 21ರಿಂದ ಇಎಸ್‌ಪಿಎನ್ ಕೇಬಲ್ ಇಲ್ಲದೆ ನೇರವಾಗಿ ಸಿಗುತ್ತಿದೆ, ಶುರುವಾದಾಗ ತಿಂಗಳಿಗೆ 29.99 ಡಾಲರ್ ಇತ್ತು. ಎಲ್ಲ ಮನೆಗಳಿಂದ ಬರುತ್ತಿದ್ದ ಏಳು ಡಾಲರ್ ಜಾಗದಲ್ಲಿ ಈಗ ಬೇಕಾದವರಿಂದ ಮೂವತ್ತು. ಬೇಕಾದವರೂ ಟೂರ್ನಿ ಮುಗಿದ ಮರುದಿನ ಕ್ಯಾನ್ಸಲ್ ಮಾಡಬಹುದು, ಮಾಡುತ್ತಾರೆ. ಅವರದ್ದು ತಪ್ಪೇನಿಲ್ಲ. ಆದರೆ ಹೀಗೆ ಬಂದು ಹೋಗುವ ದುಡ್ಡನ್ನು ನಂಬಿ ಯಾವ ಕಂಪನಿಯೂ 19 ವರ್ಷಕ್ಕೆ ಒಬ್ಬ ಮನುಷ್ಯನನ್ನು ಇಟ್ಟುಕೊಳ್ಳುವುದಿಲ್ಲ ಅನ್ನುವ ಭಯ ನನಗಿದೆ.

ವ್ಯಾಪಾರ ಬದಲಾಗುವುದನ್ನು ನಾನು ತಡೆಯಲಾರೆ. ನಾನು ಕೇಳುವುದು ಸಣ್ಣದು. ಹಕ್ಕಿಗೆ ಹರಾಜು ಕೂಗುವಾಗ, ಆ ಆಟವನ್ನು ತೋರಿಸುವ ಜನರ ಖರ್ಚನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಉಳಿದದ್ದರಲ್ಲಿ ನೋಡೋಣ ಅನ್ನಬೇಡಿ. ತೆಗೆಯಲೇಬೇಕಾದರೆ ಅವರ ಜೊತೆ ಕೆಲಸ ಮಾಡಿದವರೇ ಎದುರು ಕೂತು ಹೇಳಲಿ. ಕೈಯಲ್ಲಿ ಆರು ತಿಂಗಳ ಸಂಬಳ ಇರಲಿ. ಮತ್ತೆ ಜನ ಬೇಕಾದಾಗ ಮೊದಲ ಫೋನ್ ಅವರಿಗೇ ಹೋಗಲಿ.

ಕಳೆದ ಭಾನುವಾರ ನನಗೆ ಪಂದ್ಯ ಇರಲಿಲ್ಲ, ಮನೆಯಲ್ಲೇ ಕೂತು ನೋಡುತ್ತಿದ್ದೆ. ಡೀಪ್ ಮಿಡ್‌ವಿಕೆಟ್‌ನಲ್ಲಿ ಒಂದು ಕ್ಯಾಚ್. ಹಗ್ಗದ ಪಕ್ಕದಲ್ಲೇ. ಮೂರು ಸಲ ರೀಪ್ಲೇ ಹಾಕಿದರು. ಮೂರೂ ಸಲ ಬಾಲ್, ಕೈ, ಫೀಲ್ಡರ್‌ನ ನಗು. ಅಷ್ಟರಲ್ಲಿ ಮುಂದಿನ ಬ್ಯಾಟ್ಸ್‌ಮನ್ ಕ್ರೀಸಿಗೆ ಬಂದಾಗಿತ್ತು. ನನ್ನ ಫೋನ್ ಹೊಡೆದುಕೊಂಡಿತು. ಅಣ್ಣ.

"ನೋಡಿದೆಯೇನೋ?"

"ನೋಡಿದೆ ಅಣ್ಣ."

"ಕಾಲು ತೋರಿಸ್ಲೇ ಇಲ್ಲ ಕಣೋ," ಅಂದರು.