ಕುರ್ಚಿಗೆ ತುರ್ತು, ಅತ್ತೆಗೆ ವಾಯಿದೆ

ಇವತ್ತು ಬೆಳಗ್ಗೆ ಕೋರ್ಟಿಗೆ ಹೋಗಿದ್ದೆ. ನಮ್ಮ ಮನೆಯ ಪಾಲಿನ ಕೇಸು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇದೆ, ಮೊದಲಿಂದ ಹೇಳುವುದಿಲ್ಲ. ಜಮೀನಿನಲ್ಲಿ ತಮ್ಮ ಪಾಲು ಕೇಳಿ 2006ರಲ್ಲಿ ಅತ್ತೆ, ಅಂದರೆ ಅಪ್ಪನ ಅಕ್ಕ, ನಮ್ಮ ಮೇಲೆ ಹಾಕಿದ ದಾವೆ. ಅಪ್ಪ ತೀರಿಕೊಂಡ ಮೇಲೆ ವಾರಸುದಾರ ಅಂತ ಅವರ ಜಾಗಕ್ಕೆ ನನ್ನ ಹೆಸರು ಬಂತು. ಹನ್ನೊಂದೂವರೆಗೆ ಕೇಸು ಕೂಗಿದರು. ಜಮೀನು ಅಳೆದು ಪಾಲು ಗುರುತಿಸಲು ಕೋರ್ಟು ನೇಮಿಸಿದ ಕಮಿಷನರ್ ವರದಿ ಬಂದಿಲ್ಲ ಅಂದರು, ತಾರೀಖು ಬಿತ್ತು. ಒಂದು ನಿಮಿಷವೂ ಹಿಡಿಯಲಿಲ್ಲ. ಅತ್ತೆಗೆ ಮಂಡಿನೋವು. ಗೋಡೆ ಹಿಡಿದು ಬೆಂಚಿನಿಂದ ಎದ್ದು ನಿಲ್ಲುವಷ್ಟರಲ್ಲಿ ಮುಂದಿನ ಕೇಸು ಕೂಗಿಯಾಗಿತ್ತು.

ಹೊರಗೆ ಬಂದರೆ ಕ್ಯಾಂಟೀನಿನ ಟಿವಿಯಲ್ಲಿ ರಾಜಕೀಯದ ಸುದ್ದಿ. ತುರ್ತು ಅರ್ಜಿ, ನಾಳೆಯೇ ವಿಚಾರಣೆ. ಯಾವ ಪಕ್ಷ, ಯಾರ ಅರ್ಜಿ ಅನ್ನುವುದು ಇಲ್ಲಿ ಬೇಡ, ಕಾಮೆಂಟಿನಲ್ಲಿ ಅದೇ ಜಗಳವಾಗುತ್ತದೆ. ನನ್ನ ಹೊಟ್ಟೆ ಉರಿದದ್ದು ಆ 'ನಾಳೆಯೇ' ಅನ್ನುವ ಮಾತಿಗೆ. ಅತ್ತೆಯ ಕೇಸಿಗೆ ಇಪ್ಪತ್ತು ವರ್ಷದಲ್ಲಿ ಯಾರೂ ಒಂದು ಸಲವೂ ಆ ಮಾತು ಹೇಳಿಲ್ಲ.

2018ರ ಮೇ 16ರ ರಾತ್ರಿ ನೆನಪಿದೆಯಾ? ಆಗ ರಾಜ್ಯಪಾಲರಾಗಿದ್ದ ವಜುಭಾಯಿ ವಾಲಾ ಅವರು ಯಡಿಯೂರಪ್ಪನವರನ್ನು ಸರ್ಕಾರ ರಚನೆಗೆ ಕರೆದು, ಬಹುಮತ ತೋರಿಸಲು 15 ದಿನ ಕೊಟ್ಟಿದ್ದರು. ಕಾಂಗ್ರೆಸ್ಸು, ಜೆಡಿಎಸ್ಸು ರಾತ್ರೋರಾತ್ರಿ ಸುಪ್ರೀಂ ಕೋರ್ಟಿನ ಬಾಗಿಲು ಬಡಿದವು. ಮೂವರು ನ್ಯಾಯಮೂರ್ತಿಗಳು ರಾತ್ರಿ ಎರಡರ ಸುಮಾರಿಗೆ ಕೂತು ಬೆಳಗಿನ ಜಾವದವರೆಗೂ ವಾದ ಕೇಳಿದರು. ಪ್ರಮಾಣವಚನಕ್ಕೆ ತಡೆ ಕೊಡಲಿಲ್ಲ. ಆದರೆ 18ನೇ ತಾರೀಖು, ನಾಳೆ ಸಂಜೆ ನಾಲ್ಕಕ್ಕೇ ಬಹುಮತ ತೋರಿಸಿ ಅಂದರು. 19ರಂದು ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಹದಿನೈದು ದಿನ ಇದ್ದದ್ದು ಮೂರು ದಿನದೊಳಗೆ ತೀರ್ಮಾನವಾಯಿತು.

ಆ ರಾತ್ರಿ ನಾನೂ ಟಿವಿ ಮುಂದೆ ಎದ್ದು ಕೂತಿದ್ದೆ. ನಮ್ಮ ದೇಶದಲ್ಲಿ ನಡುರಾತ್ರಿ ಬಾಗಿಲು ತೆರೆಯುವ ಒಂದು ಜಾಗವಾದರೂ ಇದೆಯಲ್ಲ ಅಂತ ಮೈ ಜುಮ್ಮೆಂದಿತ್ತು. ಆಗ ಇದೇ ಗೋಡೆಯ ಮೇಲೆ ಬರೆದೂ ಇದ್ದೆ. ಆ ಮಾತನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅವತ್ತು ಕೋರ್ಟು ಮಾಡಿದ್ದು ಸರಿ.

ತಡವಾದರೆ ಏನಾಗುತ್ತದೆ ಅನ್ನುವುದಕ್ಕೂ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರ ಏಪ್ರಿಲ್ 21ರಂದು ವಜಾ ಮಾಡಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂತ ಅವರು ಅಂಗಲಾಚಿದರೂ ಅವಕಾಶ ಸಿಗಲಿಲ್ಲ. ಬಹುಮತ ಎಣಿಸಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಅಂತ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ಚುನಾವಣೆ ನಡೆದು, ವೀರೇಂದ್ರ ಪಾಟೀಲರು ಬಂದು ಹೋಗಿ, ಬಂಗಾರಪ್ಪನವರು ಬಂದು ಹೋಗಿ, ಮೊಯ್ಲಿಯವರು ಕುರ್ಚಿಯಲ್ಲಿದ್ದರು. ವಜಾ ಮಾಡಿದ್ದು ತಪ್ಪು ಅಂತ ಕೋರ್ಟು ಹೇಳಿತು, ಕುರ್ಚಿ ವಾಪಸ್ಸು ಬರಲಿಲ್ಲ. ಆ ತೀರ್ಪು ಆಮೇಲಿನ ಎಷ್ಟೋ ಸರ್ಕಾರಗಳನ್ನು ಕಾಪಾಡಿದೆ, ಬೊಮ್ಮಾಯಿಯವರ ಸರ್ಕಾರವನ್ನು ಕಾಪಾಡಲಿಲ್ಲ.

ತಡವಾದ ತೀರ್ಪಿನಿಂದ ಗೆದ್ದವನ ಕೈಗೆ ಏನೂ ಸಿಗುವುದಿಲ್ಲ ಅನ್ನುವುದು ಕೋರ್ಟಿಗೆ ಅಷ್ಟು ಚೆನ್ನಾಗಿ ಗೊತ್ತಿದೆ ಅಂತಾಯಿತು. ಕುರ್ಚಿಯ ವಿಷಯದಲ್ಲಿ ಅದನ್ನು ಅರಿತು ನಡೆದುಕೊಳ್ಳುತ್ತಾರೆ. ಜನರ ವಿಷಯದಲ್ಲಿ? ನೋಟು ರದ್ದಾದದ್ದು 2016ರ ನವೆಂಬರ್ 8ಕ್ಕೆ. ಅದು ಕಾನೂನುಬದ್ಧವೋ ಅಲ್ಲವೋ ಅನ್ನುವ ತೀರ್ಪು ಬಂದದ್ದು 2023ರ ಜನವರಿ 2ಕ್ಕೆ. ತೀರ್ಪು ಯಾವ ಕಡೆಗಾದರೂ ಆಗಿರಲಿ, ಬ್ಯಾಂಕಿನ ಮುಂದೆ ಸಾಲು ನಿಂತವರಿಗೆ ಆರು ವರ್ಷದ ನಂತರ ಅದರಿಂದ ಏನಾಗಬೇಕು? ಹೆಸರು ಬಯಲಾಗದಂತೆ ಪಕ್ಷಗಳಿಗೆ ದುಡ್ಡು ಕೊಡುವ ಚುನಾವಣಾ ಬಾಂಡು 2018ರಲ್ಲಿ ಜಾರಿಗೆ ಬಂತು, ಸಂವಿಧಾನಬಾಹಿರ ಅಂತ ರದ್ದಾದದ್ದು 2024ರ ಫೆಬ್ರುವರಿ 15ಕ್ಕೆ. ನಡುವೆ ಒಂದು ಇಡೀ ಲೋಕಸಭಾ ಚುನಾವಣೆ, ಲೆಕ್ಕವಿಲ್ಲದಷ್ಟು ವಿಧಾನಸಭಾ ಚುನಾವಣೆಗಳು ಆ ದುಡ್ಡಿನಲ್ಲೇ ನಡೆದುಹೋದವು. ದುಡ್ಡು ಕೊಟ್ಟವರು ಯಾರು ಅಂತ ಮತ ಹಾಕುವಾಗ ನಮಗೆ ಗೊತ್ತಿರಲಿಲ್ಲ. ಅದೇ ಕುರ್ಚಿಯ ವಿಷಯವಾದರೆ, 2019ರಲ್ಲಿ ನಮ್ಮ 17 ಶಾಸಕರನ್ನು ಅನರ್ಹ ಮಾಡಿದ್ದು ಜುಲೈನಲ್ಲಿ, ಸುಪ್ರೀಂ ಕೋರ್ಟಿನ ತೀರ್ಪು ನವೆಂಬರ್ 13ಕ್ಕೇ ಬಂತು. ಡಿಸೆಂಬರ್ 5ರ ಉಪಚುನಾವಣೆಗೆ ಅವರು ನಿಲ್ಲಬಹುದೋ ಇಲ್ಲವೋ ತಿಳಿಯಬೇಕಿತ್ತಲ್ಲ, ಅದಕ್ಕೆ.

ಇಷ್ಟು ಹೇಳಿದರೆ ನನ್ನ ವಕೀಲ ಗೆಳೆಯರು ತಕ್ಷಣ ಎರಡು ಮಾತು ತೆಗೆಯುತ್ತಾರೆ. ಮೊದಲನೆಯದು, ಸರ್ಕಾರ ಬೀಳುವ ಏಳುವ ಪ್ರಶ್ನೆಯನ್ನೂ ಎರಡು ಎಕರೆ ಜಮೀನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ, ಅದರಲ್ಲಿ ಕೋಟಿಗಟ್ಟಲೆ ಜನರ ಹಿತವಿದೆ. ಒಪ್ಪೋಣ. ಆದರೆ ದೇಶದ ಕೋರ್ಟುಗಳಲ್ಲಿ ಕೂತಿರುವ ಕೇಸುಗಳೂ 5 ಕೋಟಿ ದಾಟಿವೆ. ಒಂದೊಂದು ಕೇಸಿಗೆ ಎರಡೆರಡು ಮನೆ ಅಂತ ಹಿಡಿದರೂ ಅದು ಎಷ್ಟು ಜನರ ಹಿತ? ಒಂದು ಮುದುಕಿಯ ಎರಡು ಎಕರೆ ಅಂತ ಬಿಡಿಬಿಡಿಯಾಗಿ ನೋಡಿದರೆ ಮಾತ್ರ ಅದು ಸಣ್ಣದಾಗಿ ಕಾಣುತ್ತದೆ.

ಎರಡನೆಯದು, ನ್ಯಾಯಾಧೀಶರ ಕೊರತೆ. ಅದು ನಿಜ. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕು ಅಂತ ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ಸುಪ್ರೀಂ ಕೋರ್ಟು 2002ರಲ್ಲಿ ಅದನ್ನೇ ಮಾಡಿ ಅಂತ ಆದೇಶಿಸಿತು. ಇವತ್ತಿಗೂ ನಾವು ಅದರ ಅರ್ಧವನ್ನೂ ಮುಟ್ಟಿಲ್ಲ. ಸಾಹೇಬರ ಮುಂದೆ ದಿನಕ್ಕೆ ಎಷ್ಟು ಕಡತಗಳ ರಾಶಿ ಬೀಳುತ್ತದೆ ಅಂತ ನಾನೇ ಕಂಡಿದ್ದೇನೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕೊರತೆಯ ಕಥೆ ಕುರ್ಚಿಯ ಕೇಸಿಗೆ ಯಾಕೆ ಅಡ್ಡ ಬರುವುದಿಲ್ಲ? ಜನ ಕಡಿಮೆ ಇದ್ದಾಗ ಯಾರನ್ನು ಕಾಯಿಸುತ್ತೇವೆ ಅನ್ನುವುದರಲ್ಲೇ ಎಲ್ಲ ತಿಳಿಯುತ್ತದೆ. ಮೇಲಾಗಿ, ಒಬ್ಬ ಕಕ್ಷಿದಾರನಿಗೆ ವಿಚಾರಣೆಯಲ್ಲಿ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 17 ಹೇಳುತ್ತದೆ. ನಮ್ಮ ಕೇಸಿನ ವಾಯಿದೆಗಳನ್ನು ಅಪ್ಪ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಆ ನೋಟ್‌ಬುಕ್ಕು ತುಂಬಿತು, ಅಪ್ಪನೂ ಹೋದರು.

ಇಲ್ಲಿ ಒಂದು ಸತ್ಯ ಹೇಳಿಬಿಡಬೇಕು. ಇಷ್ಟು ದಿನ ಯಾರ ಹತ್ತಿರವೂ ಹೇಳಿರಲಿಲ್ಲ. ಆ ವಾಯಿದೆಗಳಲ್ಲಿ ಮೊದಮೊದಲಿನವು ನಾವೇ ಕೇಳಿದ್ದು. ಉಳುಮೆ ನಮ್ಮ ಕೈಯಲ್ಲಿತ್ತು. ಕೇಸು ಎಳೆದಷ್ಟೂ ಪೈರು ನಮ್ಮದೇ. 2005ರಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಅಂತ ಕಾನೂನು ಬಂದದ್ದನ್ನು ನಂಬಿ ಅತ್ತೆ ಕೋರ್ಟಿಗೆ ಬಂದಿದ್ದರು. 2015ರಲ್ಲಿ ಸುಪ್ರೀಂ ಕೋರ್ಟು, ಕಾನೂನು ಬಂದ ದಿನ ತಂದೆ ಬದುಕಿರದಿದ್ದರೆ ಆ ಹಕ್ಕು ಇಲ್ಲ ಅಂದಿತು. ನಮ್ಮ ತಾತ 1998ರಲ್ಲೇ ತೀರಿಕೊಂಡಿದ್ದರು. ಆ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಎಲ್ಲರ ಮುಖ ಅರಳಿತ್ತು, ನನ್ನದೂ. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದು ತಪ್ಪು, ಹಕ್ಕು ಬಂದದ್ದು ಹುಟ್ಟಿನಿಂದ, ತಂದೆ ಬದುಕಿರಬೇಕಿಲ್ಲ ಅಂತ ತಿದ್ದಿತು. ತೀರ್ಪು ಓದಿದಾಗ ಮೊದಲ ಬಾರಿಗೆ ನನಗೆ ನಾಚಿಕೆಯಾಯಿತು. ಹದಿನಾಲ್ಕು ವರ್ಷ ನಾವು ತಿಂದದ್ದು ಅವರ ಪಾಲಿನ ಅನ್ನ.

ಹಾಗಾದರೆ ನೀನೇ ರಾಜಿ ಮಾಡಿಕೊಳ್ಳಬಹುದಲ್ಲ ಅಂತ ಕೇಳುತ್ತೀರಿ. ನನ್ನ ಕಡೆಯಿಂದ ತಕರಾರಿಲ್ಲ ಅಂತ ಬರೆದುಕೊಟ್ಟಿದ್ದೇನೆ. ಚಿಕ್ಕಪ್ಪನ ಮಕ್ಕಳು ಒಪ್ಪುತ್ತಿಲ್ಲ. ಅವರು ಈಗ ಮಾಡುತ್ತಿರುವುದು ಹಿಂದೆ ನಾವು ಮಾಡಿದ್ದನ್ನೇ. ವಿಳಂಬದಿಂದ ಯಾವಾಗಲೂ ಲಾಭ ಆಗುವುದು ವಸ್ತು ಯಾರ ಕೈಯಲ್ಲಿದೆಯೋ ಅವರಿಗೆ. ಪ್ರಾಥಮಿಕ ಡಿಕ್ರಿ ಆಗಿದೆ. ಎಷ್ಟು ಪಾಲು ಅನ್ನುವುದು ನಿರ್ಧಾರವಾಗಿದೆ. ಎಲ್ಲಿ ಬದು ಹಾಕಬೇಕು ಅನ್ನುವುದು ಫೈನಲ್ ಡಿಕ್ರಿಯಲ್ಲಿ ಆಗಬೇಕು. ಪ್ರಾಥಮಿಕ ಡಿಕ್ರಿ ಕೊಟ್ಟು ಸುಮ್ಮನೆ ಕೂರಬೇಡಿ, ಕೋರ್ಟುಗಳೇ ಮುಂದಾಗಿ ಫೈನಲ್ ಡಿಕ್ರಿಯ ವಿಚಾರಣೆ ಶುರುಮಾಡಿ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದೇ ಸುಪ್ರೀಂ ಕೋರ್ಟು, ಅಷ್ಟೇ ತೂಕದ ಮಾತು. ಸದನದಲ್ಲಿ ಬಹುಮತ ತೋರಿಸಿ ಅಂದರೆ ಮರುದಿನವೇ ನಡೆಯುತ್ತದೆ. ಈ ಮಾತು ಒಂದು ಸರ್ವೆ ನಕ್ಷೆಯ ಹತ್ತಿರ ಬಂದು ನಿಂತುಬಿಟ್ಟಿದೆ.

'ಗೆದ್ದವ ಸೋತ, ಸೋತವ ಸತ್ತ' ಅಂತ ನಮ್ಮ ಹಿರಿಯರು ಕೋರ್ಟಿನ ಬಗ್ಗೆ ಹೇಳುತ್ತಿದ್ದರು. ನಮ್ಮ ಕೇಸಿನಲ್ಲಿ ಸೋತವರು, ನನ್ನಪ್ಪ, ಸತ್ತಾಗಿದೆ. ಗೆದ್ದವರು ಇನ್ನೂ ಬೆಂಚಿನ ಮೇಲೆ ಕೂತಿದ್ದಾರೆ.

ಬಸ್‌ಸ್ಟ್ಯಾಂಡಿನವರೆಗೆ ಅತ್ತೆಯ ಜೊತೆ ನಡೆದೆ. ವಕೀಲರ ಗುಮಾಸ್ತ ತಾರೀಖು ಬರೆದುಕೊಟ್ಟ ಚೀಟಿಯನ್ನು ಮಡಚಿ ಎಲೆಅಡಿಕೆ ಸಂಚಿಯಲ್ಲಿಟ್ಟುಕೊಂಡರು. ಬಸ್ಸು ಹತ್ತುವಾಗ ತಿರುಗಿ, "ಈಚೆಗೆ ಮರೆವು ಜಾಸ್ತಿ ಆಗದೆ ಮಗಾ. ನಿನ್ ಫೋನಲ್ಲೂ ಬರ್ಕೊ, ಹಿಂದಿನ್ ದಿನ ನಂಗೊಂದ್ ಮಾತು ಹೇಳು" ಅಂದರು.

ಬರೆದುಕೊಂಡಿದ್ದೇನೆ.